ಸುಳಿ ಹೊತ್ತ ಉಪ್ಪು

(ಒಬ್ಬರು ನೀಲಗಿರಿಯ ಮಸಿನಗುಡಿಯಲ್ಲೇ ದನ ಸಾಕಿಕೊಂಡು ಬಾಳಿದ ದೊಡ್ಡಮ್ಮ. ಇನ್ನೊಬ್ಬಳು ಅವರ ತಂಗಿಯ ಮಗಳು, ಬೆಂಗಳೂರಿನಲ್ಲಿ ಕಡಲ ನೀರಿನ ಉಪ್ಪನ್ನು ಅಭ್ಯಾಸ ಮಾಡುವವಳು.)

ದೊಡ್ಡಮ್ಮ: ನೀನು ಕಡಲಲ್ಲಿ ಉಪ್ಪೆಷ್ಟು ಅಂತ ಲೆಕ್ಕ ಹಾಕ್ತೀಯಂತೆ, ನಿಮ್ಮಮ್ಮ ಹೇಳಿದ್ಳು. ಕಡಲ ನೀರು ಅಂದ್ಮೇಲೆ ಉಪ್ಪೇ ಅಲ್ವೇನೇ? ಅದರಲ್ಲಿ ಲೆಕ್ಕ ಹಾಕೋಕೆ ಏನದೆ?

ಹುಡುಗಿ: ಎಲ್ಲ ಕಡೆ ಒಂದೇ ಉಪ್ಪಲ್ಲ ದೊಡ್ಡಮ್ಮ. ಲೋಕದ ಕಡಲುಗಳ ಸರಾಸರಿ ತೆಗೆದರೆ ಒಂದು ಕಿಲೋ ನೀರಿಗೆ 35 ಗ್ರಾಂ ಉಪ್ಪು. ನಮ್ಮ ಪಶ್ಚಿಮಕ್ಕಿರೋ ಅರಬ್ಬಿ ಸಮುದ್ರದ ಬಹುಭಾಗದಲ್ಲಿ ಮೇಲ್ನೀರಿನ ಉಪ್ಪು 36 ಗ್ರಾಂ ದಾಟುತ್ತೆ. ಪೂರ್ವಕ್ಕಿರೋ ಬಂಗಾಳ ಕೊಲ್ಲಿಯ ಉತ್ತರದ ತುದಿಯಲ್ಲಿ ಮಳೆಗಾಲ ಮುಗಿಯೋ ಹೊತ್ತಿಗೆ 30ಕ್ಕಿಂತ ಕೆಳಗೆ ಇಳಿದಿರುತ್ತೆ. ಎರಡೂ ಕಡಲು ಒಂದೇ ಅಕ್ಷಾಂಶದಲ್ಲಿವೆ, ಎರಡಕ್ಕೂ ಒಂದೇ ಬಿಸಿಲು, ಒಂದೇ ಮುಂಗಾರು. ಮಧ್ಯೆ ನಮ್ಮ ನಾಡು ಒಂದು ಅಡ್ಡ.

ದೊಡ್ಡಮ್ಮ: ಐದಾರು ಗ್ರಾಂ ಹೆಚ್ಚುಕಮ್ಮಿಯಾದ್ರೆ ಯಾರಿಗೇನು?

ಹುಡುಗಿ: ಕಡಲಿಗೆ ಅದು ತುಂಬ ದೊಡ್ಡದು. ಇಲ್ಲಿನ ಬೆಚ್ಚಗಿನ ನೀರಿಗೆ ಕಿಲೋಗೆ ಒಂದೇ ಗ್ರಾಂ ಉಪ್ಪು ಸೇರಿದರೂ, ಅದನ್ನು ಎರಡು ಡಿಗ್ರಿಗಿಂತ ಹೆಚ್ಚು ತಣ್ಣಗೆ ಮಾಡಿದಷ್ಟು ಭಾರ ಬರುತ್ತೆ. ಭಾರದ ನೀರು ಮುಳುಗುತ್ತೆ, ಹಗುರ ನೀರು ಮೇಲೆ ಹಾಸಿಕೊಳ್ಳುತ್ತೆ. ಮೇಲೆ ಹಾಸಿದ ತೆಳು ನೀರಿಗೆ ಬಿಸಿಲು ಬಿದ್ದರೆ ಬೇಗ ಕಾಯುತ್ತೆ. ಆ ಕಾದ ನೀರಿನಿಂದ ಮೋಡ, ಬಿರುಗಾಳಿ. ನಮ್ಮ ಮಳೆಯೂ ಅದರ ಹಂಗಿನಲ್ಲೇ ಇದೆ.

ದೊಡ್ಡಮ್ಮ: ಸರಿ. ಒಂದು ಕಡೆ ಜಾಸ್ತಿ ಒಂದು ಕಡೆ ಕಮ್ಮಿ ಯಾಕೆ? ಗಂಗೆ ಹರಿಯೋ ಕಡೆ ಉಪ್ಪು ಸೇರೋದು ಕಮ್ಮಿಯಾ?

ಹುಡುಗಿ: ಉಪ್ಪಿನಿಂದ ಬಂದ ವ್ಯತ್ಯಾಸ ಅಲ್ಲ ಅದು, ನೀರಿನಿಂದ ಬಂದದ್ದು. ಕಡಲಿಗೆ ಸೇರಿದ ಉಪ್ಪು ಕೋಟ್ಯಂತರ ವರ್ಷ ಅಲ್ಲೇ ಇರುತ್ತೆ. ನದಿಗಳು ವರ್ಷಕ್ಕೆ ತಂದು ಸುರಿಯೋ ಉಪ್ಪು ಆ ರಾಶಿಯ ಮುಂದೆ ಲೆಕ್ಕಕ್ಕಿಲ್ಲ. ಆದರೆ ನೀರು ಮಾತ್ರ ವರ್ಷ ವರ್ಷ ಏರುಪೇರಾಗುತ್ತೆ. ಅರಬ್ಬಿ ಸಮುದ್ರದಲ್ಲಿ ಮಳೆ, ನದಿ ಎರಡೂ ಸೇರಿ ಕೊಡೋದಕ್ಕಿಂತ ಆವಿಯಾಗಿ ಹೋಗೋದೇ ಹೆಚ್ಚು. ಜೊತೆಗೆ ಪರ್ಷಿಯನ್ ಕೊಲ್ಲಿ, ಕೆಂಪು ಸಮುದ್ರ ಎರಡರಿಂದಲೂ ಇನ್ನಷ್ಟು ಉಪ್ಪಾದ ನೀರು ಒಳಗೊಳಗೇ ಬಂದು ಸೇರುತ್ತೆ. ಬಂಗಾಳ ಕೊಲ್ಲಿಗೆ ಗಂಗೆ, ಬ್ರಹ್ಮಪುತ್ರ, ಐರಾವತಿ, ಮಹಾನದಿ, ಗೋದಾವರಿ, ಕೃಷ್ಣೆ, ಕಾವೇರಿ ಎಲ್ಲವೂ ಸೇರುತ್ತವೆ. ಮೇಲೆ ಮಳೆಯೂ ಜೋರು.

ದೊಡ್ಡಮ್ಮ: ನಮ್ಮ ನೀರು ಯಾವ ಕಡೆಗೆ?

ಹುಡುಗಿ: ಎರಡೂ ಕಡೆಗೆ. ಈ ಬೆಟ್ಟವನ್ನು ನಾನು ಎಷ್ಟು ನೋಡಿದರೂ ಸಾಲದು, ಇದೇ ಕಾರಣಕ್ಕೆ. ಪೈಕಾರದಲ್ಲಿ ಬಿದ್ದ ಮಳೆ ಸಿಂಗಾರ ಪವರ್‌ಹೌಸಿನ ಕಡೆಗಿಳಿದು, ಮೊಯಾರ್ ಕಣಿವೆ ಹಿಡಿದು, ಭವಾನಿಸಾಗರ ಸೇರಿ, ಭವಾನಿಯೊಂದಿಗೆ ಕಾವೇರಿಗೆ ಹೋಗುತ್ತೆ. ಅದು ಬಂಗಾಳ ಕೊಲ್ಲಿಯ ಪಾಲು. ಗೂಡಲೂರಿನ ಆಚೆ ದೇವಾಲದ ಕಡೆ ಬಿದ್ದ ಮಳೆ ಪಾಂಡಿಯಾರ್, ಪುನ್ನಪುಳ ಹಿಡಿದು ಚಾಲಿಯಾರ್ ಸೇರಿ ಬೇಪೂರಿನಲ್ಲಿ ಅರಬ್ಬಿ ಸಮುದ್ರಕ್ಕೆ ಹೋಗುತ್ತೆ. ಒಂದೇ ಬೆಟ್ಟದ ಎರಡು ಇಳಿಜಾರಿನ ನೀರು ಲೋಕದಲ್ಲಿ ಇಷ್ಟು ಹತ್ತಿರ ಇದ್ದೂ ಇಷ್ಟು ಬೇರೆಯಾದ ಎರಡು ಕಡಲಿಗೆ ಹೋಗುತ್ತೆ.

ದೊಡ್ಡಮ್ಮ: ಮೇಲಿನ ಬಡಗರ ಹಟ್ಟಿಗಳಲ್ಲಿ ದನಕ್ಕೆ ಉಪ್ಪುನೀರು ಕುಡಿಸೋ ಹಬ್ಬ ಮಾಡ್ತಾರೆ, ನೋಡಿದ್ದೀಯಲ್ಲ, ಉಪ್ಪಟ್ಟುವ ಹಬ್ಬ. ತೋಡರೂ ಎಮ್ಮೆಗೆ ಉಪ್ಪು ಕೊಡೋದನ್ನು ಒಂದು ಶಾಸ್ತ್ರವಾಗಿಯೇ ಇಟ್ಟುಕೊಂಡವ್ರೆ. ಈ ಬೆಟ್ಟದ ಹುಲ್ಲಲ್ಲಿ ಉಪ್ಪಿಲ್ಲ ಅಂತ ನಮ್ಮಜ್ಜಿ ಹೇಳೋರು.

ಹುಡುಗಿ: ಅಜ್ಜಿ ಹೇಳಿದ್ದು ಸರಿ. ಇಷ್ಟು ಮಳೆ ಹೊಡೆಯೋ ನೆಲದಲ್ಲಿ ನೀರಿಗೆ ಕರಗೋದು ಯಾವುದೂ ಬಹಳ ಕಾಲ ನಿಲ್ಲೋದಿಲ್ಲ. 2019ರ ಆಗಸ್ಟ್‌ನಲ್ಲಿ ಅವಲಾಂಚೆಯಲ್ಲಿ ಒಂದೇ ದಿನ 80 ಸೆಂಟಿಮೀಟರಿಗೂ ಹೆಚ್ಚು ಮಳೆ ಬಿತ್ತು. ಬಂಡೆಯಿಂದ ಬಿಡಿಸಿಕೊಂಡ ಸೋಡಿಯಂ ಎಲ್ಲ ಹೊಳೆಗೆ, ಹೊಳೆಯಿಂದ ಕಡಲಿಗೆ. ದನಕ್ಕೆ ಬೇಕಾದಾಗ ಅದೇ ಉಪ್ಪನ್ನು ಕಡಲಿಂದ ಮತ್ತೆ ಬೆಟ್ಟ ಹತ್ತಿಸಬೇಕು.

ದೊಡ್ಡಮ್ಮ: ಅದಿರಲಿ. ನನಗೊಂದು ಅರ್ಥ ಆಗ್ಲಿಲ್ಲ. ಒಂದು ಕಡಲಿಗೆ ವರ್ಷ ವರ್ಷ ಸಿಹಿನೀರು ಸುರೀತಾ ಇದ್ರೆ ಅದು ಸಪ್ಪೆ ಆಗ್ತಾ ಹೋಗ್ಬೇಕು. ಇನ್ನೊಂದು ಒಣಗ್ತಾ ಒಣಗ್ತಾ ಕಹಿ ಉಪ್ಪಾಗ್ಬೇಕು. ಹಂಗೆ ಆಗಿಲ್ವಲ್ಲ?

ಹುಡುಗಿ: ಇದೇ ದೊಡ್ಡಮ್ಮ ನಮ್ಮೆಲ್ಲರ ಪ್ರಶ್ನೆ! ಆಗಿಲ್ಲ. ಎರಡೂ ಹೆಚ್ಚುಕಮ್ಮಿ ತಮ್ಮ ತಮ್ಮ ಮಟ್ಟದಲ್ಲೇ ನಿಂತಿವೆ. ಅಂದಮೇಲೆ ಯಾರೋ ಉಪ್ಪನ್ನು ಅಲ್ಲಿಂದ ಇಲ್ಲಿಗೆ, ಸಿಹಿನೀರನ್ನು ಇಲ್ಲಿಂದ ಅಲ್ಲಿಗೆ ಸಾಗಿಸ್ತಾ ಇರಬೇಕು.

ದೊಡ್ಡಮ್ಮ: ಕಡಲಲ್ಲಿ ಹೊಳೆ ಥರ ಹರಿಯುತ್ತಲ್ಲ, ಪ್ರವಾಹ, ಅದೇ ಸಾಗಿಸುತ್ತೆ ಅನ್ನು.

ಹುಡುಗಿ: ಶಾಲೆಯ ಭೂಪಟದಲ್ಲಿ ಹಾಗೇ ಬರೆದಿರ್ತಾರೆ. ಮುಂಗಾರಿನಲ್ಲಿ ಪಶ್ಚಿಮದಿಂದ ಪೂರ್ವಕ್ಕೊಂದು ಬಾಣ, ಚಳಿಗಾಲದಲ್ಲಿ ಪೂರ್ವದಿಂದ ಪಶ್ಚಿಮಕ್ಕೊಂದು ಬಾಣ. ಬಾಣ ಸುಳ್ಳಲ್ಲ. ಆದರೆ ಅದು ಹಲವು ವರ್ಷದ ಅಳತೆ ಸೇರಿಸಿ ಸರಾಸರಿ ತೆಗೆದ ಬಾಣ. ಯಾವುದೇ ಒಂದು ದಿನ ಕಡಲನ್ನು ಮೇಲಿಂದ ನೋಡಿದರೆ ಆ ಬಾಣ ಕಾಣೋದಿಲ್ಲ, ಸುಳಿಗಳು ಕಾಣ್ತವೆ. ಒಂದೊಂದು ನೂರು, ಇನ್ನೂರು ಕಿಲೋಮೀಟರ್ ಅಗಲ. ಕೆಲವು ನೂರಾರು ಮೀಟರ್ ಆಳದವರೆಗೆ ತಿರುಗ್ತವೆ. ವಾರಗಟ್ಟಲೆ, ತಿಂಗಳುಗಟ್ಟಲೆ ಬದುಕ್ತವೆ. ದಿನಕ್ಕೆ ಕೆಲವೇ ಕಿಲೋಮೀಟರ್ ನಿಧಾನವಾಗಿ, ಹೆಚ್ಚಾಗಿ ಪಶ್ಚಿಮದ ಕಡೆಗೆ ಸರೀತಾ ಹೋಗ್ತವೆ. 1970ರಲ್ಲಿ ಸೋವಿಯತ್ ಹಡಗುಗಳು ಅಟ್ಲಾಂಟಿಕ್‌ನಲ್ಲಿ ಪಾಲಿಗಾನ್ ಅನ್ನೋ ಪ್ರಯೋಗ ಮಾಡಿ ತಿಂಗಳುಗಟ್ಟಲೆ ಅಳೆಯೋವರೆಗೂ ನಡುಗಡಲು ಇಷ್ಟು ಸುಳಿಗಳಿಂದ ತುಂಬಿದೆ ಅಂತ ಸ್ಪಷ್ಟವಾಗಿರಲಿಲ್ಲ. ಆಮೇಲೆ ಗೊತ್ತಾಯ್ತು, ಕಡಲ ನೀರಿನ ಚಲನೆಯ ಶಕ್ತಿಯಲ್ಲಿ ಬಹುಪಾಲು ಇವುಗಳದ್ದೇ.

ದೊಡ್ಡಮ್ಮ: ಸುಳಿ ಅಂದ್ರೆ ಸುತ್ತುತ್ತೆ. ಸುತ್ತಿ ಸುತ್ತಿ ಬಿಟ್ಟ ಜಾಗಕ್ಕೇ ಬರುತ್ತೆ. ಎಷ್ಟು ನೀರು ಆಕಡೆ ಹೋಯ್ತೋ ಅಷ್ಟು ಈಕಡೆ ಬಂತು. ಅದರಿಂದ ಏನು ಸಾಗುತ್ತೆ?

ಹುಡುಗಿ: ನೀರಿನ ಲೆಕ್ಕ ತೆಗೆದರೆ ಏನೂ ಸಾಗಲಿಲ್ಲ ಅಂತಲೇ ಬರುತ್ತೆ. ಉಪ್ಪಿನ ಲೆಕ್ಕ ಬೇರೆ. ಗೂಡಲೂರಿನಿಂದ ಊಟಿಗೆ ದಿನಾ ಲಾರಿಗಳು ಹತ್ತುತ್ತವಲ್ಲ, ಅಷ್ಟೇ ಲಾರಿಗಳು ಇಳಿಯುತ್ತವೆ. ಚೆಕ್‌ಪೋಸ್ಟಿನಲ್ಲಿ ಬರೀ ಲಾರಿ ಎಣಿಸಿದರೆ ಸೊನ್ನೆ. ಆದರೆ ಹತ್ತೋದು ಅಕ್ಕಿ ತುಂಬಿಕೊಂಡು, ಇಳಿಯೋದು ಬರಿದಾಗಿ.

ದೊಡ್ಡಮ್ಮ: ಬರಿದಾಗಿ ಎಲ್ಲಿ ಇಳೀತವೆ? ಕ್ಯಾರೆಟ್ಟು, ಆಲೂಗಡ್ಡೆ, ಟೀಪುಡಿ ತುಂಬ್ಕೊಂಡೇ ಇಳೀತವೆ.

ಹುಡುಗಿ: ಇನ್ನೂ ಒಳ್ಳೇದಾಯ್ತು! ಅಕ್ಕಿ ಮೇಲೆ, ಕ್ಯಾರೆಟ್ ಕೆಳಗೆ, ಲಾರಿ ಮಾತ್ರ ಸಮಸಮ. ಸುಳಿಯಲ್ಲೂ ಹಾಗೇ. ಒಂದು ಮಗ್ಗುಲಲ್ಲಿ ಉತ್ತರಕ್ಕೆ ಹರಿಯೋ ನೀರು ಉಪ್ಪಿನದು, ಇನ್ನೊಂದು ಮಗ್ಗುಲಲ್ಲಿ ದಕ್ಷಿಣಕ್ಕೆ ಹರಿಯೋ ನೀರು ಸಪ್ಪೆಯದು. ನೀರು ಸಮ, ಉಪ್ಪು ಉತ್ತರಕ್ಕೆ ಹೋಯ್ತು. ಸರಾಸರಿ ತೆಗೆದ ತಕ್ಷಣ ಈ ವ್ಯವಹಾರ ಅಳಿಸಿಹೋಗುತ್ತೆ. ಹರಿವನ್ನೂ ಉಪ್ಪನ್ನೂ ಬೇರೆಬೇರೆ ಸರಾಸರಿ ಮಾಡಿ ಆಮೇಲೆ ಗುಣಿಸಿದರೆ ತಪ್ಪು ಉತ್ತರ ಬರುತ್ತೆ. ಪ್ರತಿ ಜಾಗದಲ್ಲಿ, ಪ್ರತಿ ಹೊತ್ತಿನಲ್ಲಿ ಗುಣಿಸಿ ಆಮೇಲೆ ಕೂಡಿಸಬೇಕು.

ದೊಡ್ಡಮ್ಮ: ಆ ಸುಳಿ ಅಲ್ಲೇ ನಿಂತು ಸುತ್ತಿದ್ರೆ ಉಪ್ಪು ಅದರ ಅಗಲದಷ್ಟೇ ದೂರ ಹೋಗ್ಬೋದು. ನೀನು ಒಂದು ಕಡಲಿಂದ ಇನ್ನೊಂದು ಕಡಲಿಗೆ ಅಂತೀಯ.

ಹುಡುಗಿ: ಅದಕ್ಕೆ ಸುಳಿಗಳಿಗೆ ಎರಡು ಕೆಲಸ. ನಾನು ಈಗ ಹೇಳಿದ್ದು ಕಲಕೋ ಕೆಲಸ. ಸುಳಿಯ ಅಂಚು ಪಕ್ಕದ ನೀರನ್ನು ಎಳೆದು ಎಳೆದು ಉದ್ದನೆಯ ತೆಳ್ಳಗಿನ ಪಟ್ಟಿ ಮಾಡುತ್ತೆ. ಆ ಪಟ್ಟಿ ಎರಡು ಬಗೆಯ ನೀರನ್ನು ನೂರಾರು ಕಿಲೋಮೀಟರ್ ಉದ್ದಕ್ಕೆ ಮುಖಾಮುಖಿ ಮಾಡುತ್ತೆ. ಕಲಕೋದೇ ಬೇರೆ, ಬೆರೆಯೋದೇ ಬೇರೆ, ಅಂತ 1948ರಲ್ಲೇ ಕಾರ್ಲ್ ಎಕಾರ್ಟ್ ಬಿಡಿಸಿ ಹೇಳಿದ್ದರು. ಸುಳಿ ಕಲಕುತ್ತೆ. ಕೊನೆಗೆ ಬೆರೆಸೋದು ಮೀಟರ್, ಸೆಂಟಿಮೀಟರ್ ಅಳತೆಯ ಸಣ್ಣ ಕದಡಾಟ. ಸುಳಿ ಕಲಕದಿದ್ದರೆ ಆ ಸಣ್ಣ ಕದಡಾಟಕ್ಕೆ ಕೆಲಸವೇ ಸಿಗೋದಿಲ್ಲ.

ಇನ್ನೊಂದು ಕೆಲಸ ಹೊರೋದು. ಸುಳಿಯೊಳಗೆ ನೀರು ಸುತ್ತೋ ವೇಗ ಸುಳಿ ಸರಿಯೋ ವೇಗಕ್ಕಿಂತ ಹೆಚ್ಚಿದ್ದರೆ ಒಳಗಿನ ನೀರು ಹೊರಗೆ ಬರೋದಕ್ಕಾಗಲ್ಲ, ಸಿಕ್ಕಿಬೀಳುತ್ತೆ. ಹುಟ್ಟಿದ ಜಾಗದ ನೀರನ್ನು, ಅದರ ಉಪ್ಪಿನ ಸಮೇತ, ಸುಳಿ ಹೊತ್ತುಕೊಂಡು ಹೋಗುತ್ತೆ.

ದೊಡ್ಡಮ್ಮ: ಹಂಗೆ ಹೊತ್ತದ್ದನ್ನ ಕಣ್ಣಾರೆ ಕಂಡವರು ಉಂಟಾ?

ಹುಡುಗಿ: ಉಂಟು. ಮೆಡಿಟರೇನಿಯನ್ ಕಡಲು ಬಹಳ ಉಪ್ಪು. ಅದರ ನೀರು ಜಿಬ್ರಾಲ್ಟರ್ ದಾಟಿ ಅಟ್ಲಾಂಟಿಕ್‌ಗೆ ಬಂದು, ಭಾರ ಆದದ್ದರಿಂದ ಸುಮಾರು ಒಂದು ಕಿಲೋಮೀಟರ್ ಆಳಕ್ಕೆ ಇಳಿದು, ಅಲ್ಲಿ ತಟ್ಟೆಯಾಕಾರದ ಸುಳಿಗಳಾಗಿ ಒಡೆಯುತ್ತೆ. ಮೇಲಿಂದ ನೋಡಿದರೆ ಏನೂ ಕಾಣಿಸೋದಿಲ್ಲ. ಅಂಥ ಒಂದು ಸುಳಿಗೆ ಶಾರನ್ ಅಂತ ಹೆಸರಿಟ್ಟು 1984ರಿಂದ 1986ರವರೆಗೆ ಹಿಂಬಾಲಿಸಿದರು. ಅದರೊಳಗೆ ಶಬ್ದ ಮಾಡೋ ತೇಲುಯಂತ್ರಗಳನ್ನು ಬಿಟ್ಟು, ಮತ್ತೆ ಮತ್ತೆ ಹಡಗಿನಲ್ಲಿ ಹೋಗಿ ಅಳೆದರು. ಎರಡು ವರ್ಷದಲ್ಲಿ ಅದು ಸಾವಿರ ಕಿಲೋಮೀಟರಿಗೂ ಹೆಚ್ಚು ದಕ್ಷಿಣಕ್ಕೆ ಹೋಗಿತ್ತು. ಉಪ್ಪು ಅಂಚಿನಿಂದ ಕರಗುತ್ತಾ ಬಂತು, ನಡುಭಾಗ ಮಾತ್ರ ಬಹಳ ಕಾಲ ಹಾಗೇ ಉಳೀತು.

ನಮ್ಮ ಹಿಂದೂ ಮಹಾಸಾಗರದ ಉಪ್ಪೂ ಹೀಗೇ ಹೊರಗೆ ಹೋಗುತ್ತೆ. ಆಫ್ರಿಕಾದ ದಕ್ಷಿಣ ತುದಿಯಲ್ಲಿ ಅಗುಲ್ಹಾಸ್ ಅನ್ನೋ ಪ್ರವಾಹ ಪಶ್ಚಿಮಕ್ಕೆ ಬಂದು ಥಟ್ಟನೆ ಹಿಂದಕ್ಕೆ ತಿರುಗುತ್ತೆ. ತಿರುಗೋ ಜಾಗದಲ್ಲಿ ವರ್ಷಕ್ಕೆ ಕೆಲವು ಭಾರಿ ಸುಳಿಗಳು ಕಳಚಿಕೊಂಡು ಅಟ್ಲಾಂಟಿಕ್‌ಗೆ ಸೇರ್ತವೆ. ಅಲ್ಲಿ ವಾಯವ್ಯಕ್ಕೆ ವರ್ಷಗಟ್ಟಲೆ ಸಾಗಿ, ಹಾದಿಯುದ್ದಕ್ಕೂ ಉಪ್ಪು ಬಿಟ್ಟುಕೊಡ್ತವೆ. ಅಟ್ಲಾಂಟಿಕ್‌ನ ಉತ್ತರದಲ್ಲಿ ಮೇಲ್ನೀರು ತಣ್ಣಗಾಗಿ ತಳಕ್ಕಿಳಿಯೋದಕ್ಕೆ ಉಪ್ಪಿನ ಭಾರವೂ ಬೇಕು. ಆ ಉಪ್ಪಿನಲ್ಲಿ ನಮ್ಮ ಸಾಗರದ ಪಾಲೂ ಇದೆ.

ದೊಡ್ಡಮ್ಮ: ಒಂದೆರಡು ಸುಳಿ ಹೊತ್ತರೆ ಎಷ್ಟಾದೀತು?

ಹುಡುಗಿ: ಲೋಕದ ಎಲ್ಲ ನದಿಗಳನ್ನೂ ಸೇರಿಸಿದರೆ ಸೆಕೆಂಡಿಗೆ ಸುಮಾರು 12 ಲಕ್ಷ ಘನ ಮೀಟರ್ ನೀರು ಕಡಲಿಗೆ ಬರುತ್ತೆ. ಸುಳಿಗಳು ತಮ್ಮೊಳಗೆ ಸಿಕ್ಕಿಸಿಕೊಂಡು ಪಶ್ಚಿಮಕ್ಕೆ ಹೊರೋ ನೀರು ಸೆಕೆಂಡಿಗೆ 3ರಿಂದ 4 ಕೋಟಿ ಘನ ಮೀಟರ್ ಅಂತ 2014ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಒಂದು ಲೆಕ್ಕ ಹೇಳಿತು. ದೊಡ್ಡ ದೊಡ್ಡ ಪ್ರವಾಹಗಳಿಗೆ ಸಮ ಅದು. ಅಷ್ಟು ದೊಡ್ಡ ಕೆಲಸವನ್ನು ಭೂಪಟದಿಂದ ಅಳಿಸಿ, ನಾಲ್ಕು ಬಾಣ ಬರೆದು ಮಕ್ಕಳಿಗೆ ಕೊಡ್ತೀವಲ್ಲ, ನನಗದು ಸರಿಕಾಣೋದಿಲ್ಲ.

ದೊಡ್ಡಮ್ಮ: ನಮ್ಮ ಎರಡು ಕಡಲಿನ ಮಾತಿಗೆ ಬಾ. ಈಕಡೆ ಉಪ್ಪು ಆಕಡೆಗೆ ಹೆಂಗೆ ಹೋಗುತ್ತೆ?

ಹುಡುಗಿ: ಮುಂಗಾರಿನಲ್ಲಿ ಅರಬ್ಬಿ ಸಮುದ್ರದ ಉಪ್ಪುನೀರು ಶ್ರೀಲಂಕಾದ ಕೆಳಗಿಂದ ಪೂರ್ವಕ್ಕೆ ಹರಿದು, ಅಲ್ಲಿಂದ ಎಡಕ್ಕೆ ತಿರುಗಿ ಬಂಗಾಳ ಕೊಲ್ಲಿಗೆ ನುಗ್ಗುತ್ತೆ. ಅದರ ಎಡ ಮಗ್ಗುಲಲ್ಲಿ, ಶ್ರೀಲಂಕಾದ ಪೂರ್ವಕ್ಕೆ, ಅದೇ ಕಾಲಕ್ಕೆ ಎಡಸುತ್ತಿನ ಒಂದು ಸುಳಿ ಏಳುತ್ತೆ. ಶ್ರೀಲಂಕಾ ಡೋಮ್ ಅಂತಾರೆ. 1998ರಲ್ಲಿ ಬೆಂಗಳೂರಿನ ಪಿ. ಎನ್. ವಿನಯಚಂದ್ರನ್, ಜಪಾನಿನ ತೋಶಿಯೊ ಯಮಗಾಟ ಇಬ್ಬರೂ ಅದರ ಬಗ್ಗೆ ಬರೆದರು. ಭೂಮಿಯ ಈ ಉತ್ತರದ ಅರ್ಧದಲ್ಲಿ ಎಡಕ್ಕೆ ಸುತ್ತೋ ಸುಳಿಯ ನಡುವೆ ಕಡಲ ಮಟ್ಟ ಸ್ವಲ್ಪ ತಗ್ಗಿರುತ್ತೆ, ಕೆಳಗಿನ ತಣ್ಣೀರು ಮೇಲಕ್ಕೆ ಉಬ್ಬಿ ಬರುತ್ತೆ. ಬಲಕ್ಕೆ ಸುತ್ತೋದರಲ್ಲಿ ತದ್ವಿರುದ್ಧ.

ಆದರೆ ಒಂದು ತೊಡಕು. ನುಗ್ಗಿ ಬಂದ ಉಪ್ಪುನೀರು ಭಾರ. ಕೊಲ್ಲಿಯ ಸಪ್ಪೆ ನೀರು ಹಗುರ. ಉಪ್ಪುನೀರು ಅದರ ಅಡಿಗೆ ಜಾರಿಬಿಡುತ್ತೆ.

ದೊಡ್ಡಮ್ಮ: ಕೆಳಗೇ ಉಳಿದ್ರೆ ಮೇಲಿನ ನೀರು ಸಪ್ಪೆಯಾಗೇ ಹೋಗುತ್ತೆ.

ಹುಡುಗಿ: ಹೌದು, ಯಾರಾದರೂ ಮೇಲಕ್ಕೆತ್ತಬೇಕು. ವಿನಯಚಂದ್ರನ್ ಮತ್ತು ಸಂಗಡಿಗರು 2013ರಲ್ಲಿ ಅದನ್ನೇ ತೋರಿಸಿದರು. ಆ ಪ್ರವಾಹ ನೆಟ್ಟಗೆ ಹರಿಯೋದಿಲ್ಲ, ಹಾವಿನಂತೆ ಬಳುಕುತ್ತೆ. ಬಳುಕೋ ಹಾದಿಯಲ್ಲಿ ಅಲ್ಲಲ್ಲಿ, ಮಳೆಗಾಲದುದ್ದಕ್ಕೂ ಹಲವು ಕಂತಿನಲ್ಲಿ, ಕೆಳಗಿನ ಉಪ್ಪುನೀರು ಮೇಲಕ್ಕೆ ಬರುತ್ತೆ. ಅದನ್ನು ಮುಂಗಾರಿನ ಪಂಪ್ ಅಂತ ಕರೆದರು. ಎತ್ತಿದ ಉಪ್ಪನ್ನು ಆಮೇಲೆ ಪ್ರವಾಹಗಳು ಉಳಿದ ಕೊಲ್ಲಿಗೆ ಹಂಚ್ತವೆ. 2016ರ ಜೂನ್, ಜುಲೈನಲ್ಲಿ ಭಾರತ, ಬ್ರಿಟನ್ ಎರಡೂ ಕಡೆಯ ವಿಜ್ಞಾನಿಗಳು ಗೋವಾದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯ ಸಿಂಧು ಸಾಧನ ಹಡಗಿನಲ್ಲಿ ಅಲ್ಲಿಗೇ ಹೋಗಿ, ಎಂಟು ಡಿಗ್ರಿ ಅಕ್ಷಾಂಶದ ಉದ್ದಕ್ಕೆ ಅಳೆದರು. ನೀರಿನಲ್ಲಿ ತಾನೇ ಮುಳುಗಿ ಏಳೋ ಗ್ಲೈಡರ್‌ಗಳನ್ನೂ ಬಿಟ್ಟರು. ಸಪ್ಪೆ ನೀರಿನ ಅಡಿಯಲ್ಲಿ ಉಪ್ಪಿನ ತಿರುಳು ಸಿಕ್ಕಿತು. ಆ ಅಳತೆಯ ಚಿತ್ರ ಮೊದಲು ಕಂಡಾಗ ನನಗೆ ಆ ದಿನ ಬೇರೆ ಕೆಲಸ ಮಾಡೋಕೆ ಆಗಲಿಲ್ಲ.

ದೊಡ್ಡಮ್ಮ: ಹೋಗೋದಾಯ್ತು. ಬರೋದು?

ಹುಡುಗಿ: ನವೆಂಬರ್ ಹೊತ್ತಿಗೆ ಗಾಳಿ ತಿರುಗಿರುತ್ತಲ್ಲ. ಕೊಲ್ಲಿಯ ಸಪ್ಪೆ ನೀರು ನಮ್ಮ ಪೂರ್ವ ಕರಾವಳಿ ಹಿಡಿದು ದಕ್ಷಿಣಕ್ಕಿಳಿದು, ಶ್ರೀಲಂಕಾ ಸುತ್ತಿ, ಕೇರಳದ ಆಚೆಯ ಅರಬ್ಬಿ ಸಮುದ್ರ ಸೇರುತ್ತೆ. ಅಲ್ಲಿ ಲಕ್ಷದ್ವೀಪದ ಬಳಿ ಚಳಿಗಾಲದಲ್ಲಿ ಬಲಸುತ್ತಿನ ದೊಡ್ಡ ಸುಳಿಯೊಂದು ಹುಟ್ಟುತ್ತೆ, ಕಡಲು ಅಲ್ಲಿ ಉಬ್ಬಿರುತ್ತೆ. ಅದು ನಿಧಾನಕ್ಕೆ ಪಶ್ಚಿಮಕ್ಕೆ ಸರಿಯುತ್ತೆ. ಬಂದ ಸಪ್ಪೆ ನೀರನ್ನು ಸುತ್ತ ಹರಡೋದರಲ್ಲಿ ಅದಕ್ಕೂ ಕೈ ಇದೆ.

ದೊಡ್ಡಮ್ಮ: ಕಡಲು ಉಬ್ಬಿದ್ದು, ತಗ್ಗಿದ್ದು ಹೆಂಗೆ ಗೊತ್ತಾಗುತ್ತೆ? ಅಲೆ ಏಳ್ತಾ ಬೀಳ್ತಾ ಇರುತ್ತಲ್ಲ.

ಹುಡುಗಿ: ಉಪಗ್ರಹ ಮೇಲಿಂದ ರೇಡಾರ್ ಹೊಡೆದು, ಅದು ಮರಳಿ ಬರೋ ಹೊತ್ತಿನಿಂದ ಕಡಲ ಎತ್ತರ ಅಳೆಯುತ್ತೆ. ಸುಳಿಯ ಉಬ್ಬು ಹತ್ತಿಪ್ಪತ್ತು ಸೆಂಟಿಮೀಟರ್ ಅಷ್ಟೇ, ಆದರೆ ನೂರಾರು ಕಿಲೋಮೀಟರ್ ಅಗಲಕ್ಕೆ ಇರೋದರಿಂದ ಸಿಕ್ಕಿಬೀಳುತ್ತೆ. ಭಾರತ, ಫ್ರಾನ್ಸ್ ಸೇರಿ ಮಾಡಿದ ಸರಳ್ ಉಪಗ್ರಹವನ್ನು 2013ರ ಫೆಬ್ರವರಿ 25ರಂದು ಶ್ರೀಹರಿಕೋಟಾದಿಂದ ಹಾರಿಸಿದ್ದು ಈ ಕೆಲಸಕ್ಕೇ. ಉಪ್ಪನ್ನು ಅಳೆಯೋ ಉಪಗ್ರಹಗಳೂ ಬಂದವು, 2009ರಲ್ಲಿ ಸ್ಮಾಸ್, 2011ರಲ್ಲಿ ಅಕ್ವೇರಿಯಸ್, 2015ರಲ್ಲಿ ಸ್ಮ್ಯಾಪ್. ನೀರಿನ ಉಪ್ಪು ಬದಲಾದರೆ ಅದು ಹೊರಸೂಸೋ ಸೂಕ್ಷ್ಮತರಂಗದ ಬಲವೂ ಚೂರು ಬದಲಾಗುತ್ತೆ, ಅದನ್ನು ಹಿಡೀತಾರೆ. ಆದರೆ ಇವಕ್ಕೆ ಕಾಣೋದು ಕಡಲ ಚರ್ಮ ಮಾತ್ರ. ಒಳಗಿನ ಸುದ್ದಿ ತರೋಕೆ ಆರ್ಗೊ ಫ್ಲೋಟ್‌ಗಳಿವೆ, ಲೋಕದ ಕಡಲುಗಳಲ್ಲಿ ಸುಮಾರು 4000. ಒಂದು ಕಿಲೋಮೀಟರ್ ಆಳದಲ್ಲಿ ತೇಲಿಕೊಂಡಿದ್ದು, ಹತ್ತು ದಿನಕ್ಕೊಮ್ಮೆ ಎರಡು ಕಿಲೋಮೀಟರ್ ಆಳಕ್ಕಿಳಿದು, ಅಲ್ಲಿಂದ ಉಷ್ಣತೆ, ಉಪ್ಪು ಅಳೀತಾ ಮೇಲೆ ಬಂದು ಉಪಗ್ರಹಕ್ಕೆ ಹೇಳಿ ಮತ್ತೆ ಮುಳುಗ್ತವೆ. ನಮ್ಮ ದೇಶದ ಫ್ಲೋಟ್‌ಗಳನ್ನು ಹೈದರಾಬಾದಿನ ಇನ್ಕಾಯ್ಸ್ ನೋಡಿಕೊಳ್ಳುತ್ತೆ.

ಎತ್ತರದ ನಕ್ಷೆ ನೋಡಿ ಸುಳಿ ಎಲ್ಲಿದೆ ಅಂತ ಗುರುತು ಹಾಕೋದು, ಆ ಹೊತ್ತಿಗೆ ಯಾವ ಫ್ಲೋಟ್ ಅದರೊಳಗೆ ಮೇಲೆದ್ದಿತ್ತು ಅಂತ ಹುಡುಕೋದು, ಒಳಗಿನ ಉಪ್ಪಿಗೂ ಹೊರಗಿನ ಉಪ್ಪಿಗೂ ಎಷ್ಟು ಫರಕು ಅಂತ ಆಳ ಆಳಕ್ಕೂ ತೆಗೆಯೋದು. ನಾನು ದಿನಾ ಮಾಡೋದು ಇಷ್ಟೇ ದೊಡ್ಡಮ್ಮ.

ದೊಡ್ಡಮ್ಮ: ಇಷ್ಟೇ ಅಂತ ಯಾಕಂತೀಯ. ಈಗ ನನಗೆ ಬೇಕಾದ್ದು ಹೇಳು. ಕೇರಳದ ಆಚೆ ಬಂದು ನಿಂತ ಆ ಸಪ್ಪೆ ನೀರಿಂದ ನಮ್ಮ ಮಳೆಗೆ ಏನು?

ಹುಡುಗಿ: ಅದು ಹಗುರ ನೀರು, ಮೇಲೆ ತೆಳ್ಳಗೆ ಹಾಸಿಕೊಂಡಿರುತ್ತೆ. ಅದಕ್ಕೂ ಕೆಳಗಿನ ತಣ್ಣೀರಿಗೂ ನಡುವೆ ಉಪ್ಪಿನ ಒಂದು ತಡೆ. ಗಾಳಿ ಬೀಸಿದರೂ ಕೆಳಗಿನ ತಣ್ಣೀರು ಸುಲಭಕ್ಕೆ ಮೇಲೆ ಬರೋದಿಲ್ಲ. ಫೆಬ್ರವರಿಯಿಂದ ಬಿಸಿಲು ಏರ್ತಾ ಏರ್ತಾ, ಮೇ ಹೊತ್ತಿಗೆ ಅಲ್ಲಿ 30 ಡಿಗ್ರಿ ದಾಟಿದ ಬೆಚ್ಚಗಿನ ನೀರಿನ ಕೊಳವೇ ನಿಂತಿರುತ್ತೆ. ಮುಂಗಾರು ಕೇರಳಕ್ಕೆ ಕಾಲಿಡೋ ಹೊತ್ತಿಗೆ ಕೆಲವು ವರ್ಷ ಅದೇ ನೀರಿನ ಮೇಲೆ ಗಾಳಿಯ ದೊಡ್ಡ ಸುಳಿಯೊಂದು ಏಳುತ್ತೆ. ಕೇರಳಕ್ಕೆ ಹೊಡೆದ ಮುಂಗಾರು ದೇವಾಲಕ್ಕೆ, ಗೂಡಲೂರಿಗೆ ಹೊಡೆಯುತ್ತೆ.

ದೊಡ್ಡಮ್ಮ: ಮಸಿನಗುಡಿಗೆ ಚೂರುಪಾರು. ನಾವು ಬೆಟ್ಟದ ಮರೆಯಲ್ಲಿದ್ದೀವಿ.

ಹುಡುಗಿ: ಹೌದು, ನಮಗೆ ಮುಂಗಾರಿನ ಚೂರು, ಹಿಂಗಾರಿನ ಚೂರು.

ದೊಡ್ಡಮ್ಮ: ಹಂಗಾದ್ರೆ ಚಳಿಗಾಲದ ಸುಳಿ ನೋಡಿ ಮುಂಗಾರು ಯಾವಾಗ ಅಂತ ಹೇಳ್ಬೋದಲ್ಲ?

ಹುಡುಗಿ: ಅಷ್ಟು ನೇರವಾಗಿ ಹೇಳೋಕಾಗಲ್ಲ. ಆ ನೀರು ಕಾಯೋದಕ್ಕೆ ಉಪ್ಪಿನ ತಡೆ ಒಂದು ಕಾರಣ. ಮೋಡ ಎಷ್ಟಿತ್ತು, ಗಾಳಿ ಎಷ್ಟು ಶಾಂತವಾಗಿತ್ತು ಅನ್ನೋದೂ ಸೇರುತ್ತೆ. ಮಳೆ ಕಾಲಿಡೋದಕ್ಕೆ ಭೂಮಿಯ ದಕ್ಷಿಣದ ಅರ್ಧದಿಂದ ಬರೋ ಗಾಳಿಯ ಲೆಕ್ಕವೇ ದೊಡ್ಡದು. ಉಪ್ಪು ನೋಡಿ ತಾರೀಖು ಹೇಳೋರನ್ನು ನಂಬಬೇಡಿ.

ದೊಡ್ಡಮ್ಮ: ತಾರೀಖು ಬೇಡ ಬಿಡು. ಏಪ್ರಿಲ್‌ನಲ್ಲಿ ಅಲ್ಲಿನ ನೀರು ಎಷ್ಟು ಕಾದದೆ, ಎಷ್ಟು ಸಪ್ಪೆಯಾಗದೆ ಅಂತ ಫೋನ್ ಮಾಡಿ ಹೇಳ್ತೀಯಾ?

ಹುಡುಗಿ: ಹೇಳ್ತೀನಿ. ಹತ್ತು ದಿನಕ್ಕೊಮ್ಮೆ ಬೇಕಾದರೂ ಹೇಳ್ತೀನಿ, ಫ್ಲೋಟ್ ಮೇಲೆ ಬಂದಾಗಲೆಲ್ಲ.